ಆವಿಗೆ ಹೂಡುವುದು ಸಂಘದ ಕೆಲಸವೇ ಎಂದು ಕೇಳುವವರಿಗೆ

ಮಡಕೆ ಸುಡುವುದು ಕನ್ನಡ ಸಂಘದ ಕೆಲಸವಲ್ಲವೆಂಬ ವಾದ ಈಚಿನ ತಿಂಗಳುಗಳಲ್ಲಿ ನಮ್ಮ ನಡುವೆ ಗಟ್ಟಿಯಾಗಿಯೇ ಕೇಳಿಬರುತ್ತಿದೆ. ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ 'ಇಟ್ಟಿಗೆ, ಮರಳು, ಸೌದೆ' ಎಂಬ ಬಾಬತ್ತು ಬಂದದ್ದೇ ತಡ, ಹಿರಿಯ ಸದಸ್ಯರೊಬ್ಬರು ಎದ್ದುನಿಂತು, "ಅಲ್ರೀ, ಮಣ್ಣು ಕಲಸೋದಕ್ಕೆ ಮುಂಬಯಿಗೆ ಬರಬೇಕಾಗಿತ್ತೇನ್ರೀ? ಊರಲ್ಲೇ ಇದ್ದಿದ್ರೆ ಆಗ್ತಿರಲಿಲ್ವೇ?" ಎಂದರು. ಸಭೆ ನಕ್ಕಿತು. ನಾವೂ ನಕ್ಕೆವು, ಮಾತು ಸೊಗಸಾಗಿತ್ತು. ಆದರೆ ಅದಕ್ಕೊಂದು ಉತ್ತರವಿದೆ. ಆ ದಿನ ವೇಳೆ ಸಾಲದೆ ಉಳಿದುಹೋದ ಆ ಉತ್ತರವನ್ನು ಇಲ್ಲಿ ಹೇಳಲು ಸಂಪಾದಕರು ಪುಟಗಳನ್ನು ಕೊಟ್ಟಿದ್ದಾರೆ.

ನಾವೆಂದರೆ ಒಟ್ಟು ಎಂಟು ಜನ. ಇಬ್ಬರು ಬ್ಯಾಂಕಿನವರು, ಒಬ್ಬರು ಶಾಲಾ ಶಿಕ್ಷಕಿ, ಒಬ್ಬರು ಹೋಟೆಲ್ ನಡೆಸುವವರು, ಉಳಿದವರು ಕೆಲಸದಿಂದ ನಿವೃತ್ತರಾಗಿ ಮನೆಮಂದಿಗೆ ತೊಂದರೆ ಕೊಡುತ್ತಿರುವವರು. ಬದಲಾಪುರದ ಕಡೆ ಸ್ವಂತ ಮನೆ ಮಾಡಿಕೊಂಡಿರುವ ಸದಸ್ಯರೊಬ್ಬರ ಹಿತ್ತಿಲಲ್ಲಿ ಒಂದು ಆವಿಗೆ ಕಟ್ಟಿ, ಮಳೆಗಾಲ ಕಳೆದ ಮೇಲೆ ಅದನ್ನು ಮೊದಲ ಬಾರಿ ಹೊತ್ತಿಸಿದೆವು. ಒಟ್ಟು ವೆಚ್ಚ ಹದಿನೈದು ಸಾವಿರ ರೂಪಾಯಿಯೊಳಗೆ. ರಾಜ್ಯೋತ್ಸವದ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ, ಪ್ಲಾಸ್ಟಿಕ್ಕಿನ ನೆನಪಿನ ಕಾಣಿಕೆಗಳಿಗೆ ಆದದ್ದು ಇದರ ಇಮ್ಮಡಿಗೂ ಮೀರಿತ್ತು. ಆ ಬಾಬತ್ತು ಓದುವಾಗ ಯಾರೂ ಎದ್ದು ನಿಲ್ಲಲಿಲ್ಲವೆಂಬುದನ್ನು ಓದುಗರ ಗಮನಕ್ಕೆ ತರಬಯಸುತ್ತೇವೆ.

ಮೊದಲನೆಯ ಆಕ್ಷೇಪ: ಕನ್ನಡಕ್ಕೂ ಆವಿಗೆಗೂ ಏನು ಸಂಬಂಧ?

ಈ ಪ್ರಶ್ನೆ ಕೇಳುವವರೇ ಪ್ರತಿ ವರ್ಷ ಬಸವ ಜಯಂತಿಯಂದು ನಮ್ಮ ವೇದಿಕೆಯ ಮೇಲೆ ನಿಂತು ಕುಂಬಾರ ಗುಂಡಯ್ಯನ ಹೆಸರು ಹೇಳುತ್ತಾರೆ. ಹರಿಹರ ಆತನ ಮೇಲೆ ರಗಳೆಯನ್ನೇ ಬರೆದನೆಂದೂ, ಆತ ಮಡಕೆ ಬಡಿಯುವ ತಾಳಕ್ಕೆ ಶಿವನೇ ಕುಣಿದನೆಂದೂ ಕಣ್ಣು ಮುಚ್ಚಿ ವರ್ಣಿಸುತ್ತಾರೆ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯಿಲ್ಲದೆ ನಮ್ಮ ಅಧ್ಯಕ್ಷೀಯ ಭಾಷಣಗಳು ಮುಗಿದದ್ದು ಅಪರೂಪ. ಆದರೆ ಗುಂಡಯ್ಯ ಬಡಿದ ಆ ಮಡಕೆ ಆಮೇಲೆ ಎಲ್ಲಿಗೆ ಹೋಯಿತು? ಬೆಂಕಿಗೆ ಹೋಯಿತು. ಆ ಗಾದೆಯ ವರುಷದಲ್ಲಿ ಎಷ್ಟು ದಿನ ತಿಗರಿಗೆ, ಎಷ್ಟು ದಿನ ಒಣಗುವುದಕ್ಕೆ, ಎಷ್ಟು ದಿನ ಆವಿಗೆಗೆ ಎಂದು ನಮ್ಮ ಭಾಷಣಕಾರರನ್ನು ಕೇಳಿ ನೋಡಿ. ಗಾದೆ ಗೊತ್ತು, ಕೆಲಸ ಗೊತ್ತಿಲ್ಲ. ನಮ್ಮ ಬಾಲವಾಚನ ತರಗತಿಯಲ್ಲಿ ಶಿಕ್ಷಕಿಯವರು 'ಆವಿಗೆ' ಎಂದರೇನೆಂದು ಕೇಳಿದಾಗ ಹದಿನಾಲ್ಕು ಮಕ್ಕಳಲ್ಲಿ ಒಬ್ಬ 'ಆವಿಗೆ ಎಂದರೆ ಸ್ಟೀಮಿಗೆ' ಎಂದನಂತೆ. ವ್ಯಾಕರಣದ ಮಟ್ಟಿಗೆ ಹುಡುಗ ಹೇಳಿದ್ದು ಸರಿಯೇ!

ಶಬ್ದಕೋಶದಲ್ಲಿ ಉಳಿದರೆ ಸಾಲದೇ ಎಂದು ಕೇಳಬಹುದು. ತಿಗರಿ, ಆವಿಗೆ, ಬೋಕಿ, ಬೆರಣಿ, ಹೊಟ್ಟು ಎಂಬ ಮಾತುಗಳನ್ನು ಬಾಯಿಪಾಠ ಮಾಡಿಸುವುದು ಒಂದು. ಬೋಕಿಯ ಚೂರನ್ನು ಆವಿಗೆಯ ಮೇಲೆ ಹೊದಿಸುವಾಗ "ಆ ಬೋಕಿ ಕೊಡು" ಎಂದು ಒಂದು ಮಗು ಇನ್ನೊಂದು ಮಗುವಿಗೆ ಹೇಳುವುದು ಇನ್ನೊಂದು. ಎರಡನೆಯದನ್ನು ನಾವು ಬದಲಾಪುರದಲ್ಲಿ ಕಿವಿಯಾರೆ ಕೇಳಿದೆವು.

ಇದಕ್ಕಿಂತ ನೋಯಿಸುವ ಸಂಗತಿ ಬೇರೆಯಿದೆ. ಆವಿಗೆ ಕಟ್ಟಿಸಿದವರು ಬೆಳಗಾವಿ ಕಡೆಯ ಒಬ್ಬ ಅಜ್ಜ. ಅರವತ್ತು ವಯಸ್ಸಿನವರೆಗೆ ಊರಲ್ಲಿ ತಿಗರಿ ತಿರುಗಿಸಿ, ಈಗ ಕಲ್ಯಾಣದಲ್ಲಿ ಮಗನ ಮನೆಯಲ್ಲಿದ್ದಾರೆ. ಮಗ ಹನ್ನೆರಡು ವರ್ಷಗಳಿಂದ ನಮ್ಮ ಸದಸ್ಯ. ಅವರ ತಂದೆ ಕುಂಬಾರರೆಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಸಂಘದ ಸದಸ್ಯರ ಕೈಪಿಡಿಯಲ್ಲಿ ಅಜ್ಜನ ಹೆಸರಿನ ಮುಂದೆ 'ನಿವೃತ್ತ' ಎಂದಷ್ಟೇ ಇದೆ. ಯಾವುದರಿಂದ ನಿವೃತ್ತ? ಅದೇ ಪುಟದಲ್ಲಿ 'ನಿವೃತ್ತ ಮ್ಯಾನೇಜರ್', 'ನಿವೃತ್ತ ಪ್ರಾಧ್ಯಾಪಕ' ಎಂದು ಉಳಿದವರದೆಲ್ಲ ಪೂರ್ತಿಯಾಗಿ ಅಚ್ಚಾಗಿದೆ. ಕುಂಬಾರ ಎಂದು ಬರೆಸಿದರೆ ನಾಲ್ಕು ಜನ ಏನೆಂದುಕೊಳ್ಳುವರೋ ಎಂದು ಒಬ್ಬ ಮಗ ಅಳುಕುವಂಥ ವಾತಾವರಣವನ್ನು ಇಟ್ಟುಕೊಂಡು, ಮೇಲೆ ಗುಂಡಯ್ಯನ ಗುಣಗಾನ ಮಾಡುವ ಸಂಘಕ್ಕೆ ಆವಿಗೆ ಸಂಬಂಧಪಡದಿದ್ದರೆ ಮತ್ತೆ ಯಾವುದು ಸಂಬಂಧಪಡುತ್ತದೆ?

ಇತಿಹಾಸ ಬೇಕೆನ್ನುವವರಿಗೆ ಇತಿಹಾಸವೂ ಇದೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದಾಗ ಬೃಹತ್ ಶಿಲಾ ಗೋರಿಗಳ ಜೊತೆಗೆ ದೊರೆತವುಗಳಲ್ಲಿ ಮುಖ್ಯವಾದವು ಕಪ್ಪು-ಕೆಂಪು ಮಡಕೆಗಳು. ಒಳಗು ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು. ಪಾತ್ರೆಯನ್ನು ಬೋರಲು ಹಾಕಿ ಸುಟ್ಟರೆ ಗಾಳಿ ತಾಗದ ಒಳಭಾಗ ಕಪ್ಪಾಗಿ, ಗಾಳಿಯಾಡಿದ ಹೊರಮೈ ಕೆಂಪಾಗುತ್ತದೆ. ಮಣ್ಣಿನಲ್ಲಿರುವ ಕಬ್ಬಿಣ ಆಮ್ಲಜನಕ ಸಿಕ್ಕಿದರೆ ಕೆಂಪು, ಸಿಗದಿದ್ದರೆ ಕಪ್ಪು. ಅಕ್ಷರ ಬರೆಯುವುದಕ್ಕೂ ಮುಂಚೆ ನಮ್ಮ ನಾಡಿನವರು ಬೆಂಕಿಯ ಗಾಳಿಯನ್ನು ಹೀಗೆ ಆಳಬಲ್ಲವರಾಗಿದ್ದರು. ಹಲ್ಮಿಡಿ ಶಾಸನದ ಚಿತ್ರವನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದೇವೆ, ಸಂತೋಷ. ಅದಕ್ಕಿಂತ ಹಳೆಯದಾದ ಈ ಬರಹವೂ ನಮ್ಮದೇ ಅಲ್ಲವೇ?

ಎರಡನೆಯ ಆಕ್ಷೇಪ ಸ್ವಲ್ಪ ನಯವಾದದ್ದು. ಮಾಡುವುದಾದರೆ ಮಾಡಿ, ಆದರೆ ಇಟ್ಟಿಗೆ ಸೌದೆಯ ರಗಳೆ ಯಾಕೆ. ನಗರದಲ್ಲಿ ಬೇಕಾದಷ್ಟು ಕುಂಬಾರಿಕೆಯ ತರಗತಿಗಳಿವೆ, ವಿದ್ಯುತ್ ಕುಲುಮೆಗಳಿವೆ, ಮಾಡಿದ ಪಾತ್ರೆಯನ್ನು ಕೊಟ್ಟರೆ ಅವರೇ ಸುಟ್ಟುಕೊಡುತ್ತಾರೆ ಎಂಬುದು. ನಿಜ, ಸುಟ್ಟುಕೊಡುತ್ತಾರೆ. ನಮ್ಮಲ್ಲಿ ಇಬ್ಬರು ಅಂಥ ಒಂದು ತರಗತಿಗೆ ಆರು ತಿಂಗಳು ಹೋಗಿಬಂದವರು. ಶುಲ್ಕ ಕಟ್ಟಿ ತಿಗರಿಯ ಮುಂದೆ ಕೂತು ಬಟ್ಟಲು ಎತ್ತಿದರು, ಹೂವಿನ ಚಿತ್ರ ಬರೆದರು. ಪಾತ್ರೆ ಒಂದು ಬಾಗಿಲೊಳಗೆ ಹೋಯಿತು, ಹದಿನೈದು ದಿನದ ಮೇಲೆ ಮಿರುಗುತ್ತ ಹೊರಬಂತು. ಒಳಗೆ ಏನಾಯಿತೆಂದು ಕೇಳಿದರೆ, "ಅದು ನಮಗೆ ಬಿಡಿ ಮೇಡಂ" ಎಂಬ ಉತ್ತರ. ಅಡುಗೆ ಕಲಿಸುತ್ತೇವೆಂದು ತರಕಾರಿ ಹೆಚ್ಚಿಸಿ ಕಳಿಸಿದ ಹಾಗಾಯಿತು. ಹಸಿಮಣ್ಣಿನ ಬಟ್ಟಲಿಗೆ ನೀರು ಹಾಕಿದರೆ ಸಂಜೆಯೊಳಗೆ ಕೆಸರು. ಅದನ್ನು ಪಾತ್ರೆಯಾಗಿ ಮಾಡುವುದು ಕೈಯಲ್ಲ, ಉರಿ. ಆ ಉರಿಯನ್ನು ಮುಚ್ಚಿಟ್ಟು ಉಳಿದದ್ದನ್ನು ಮಾರುವುದಕ್ಕೆ ಕುಂಬಾರಿಕೆ ಕಲಿಸುವುದೆಂಬ ಹೆಸರು ಸಲ್ಲದೆಂಬುದು ನಮ್ಮ ಅಭಿಮತ.

ಇಂಥ ತರಗತಿಗಳಲ್ಲಿ ಹರಡುವ ಒಂದು ಮೂಢನಂಬಿಕೆಯನ್ನೂ ಇಲ್ಲೇ ಹೇಳಿಬಿಡಬೇಕು. ಮಣ್ಣಿನಲ್ಲಿ ಗಾಳಿಗುಳ್ಳೆ ಉಳಿದರೆ ಪಾತ್ರೆ ಸಿಡಿಯುತ್ತದೆಂದು ಹೆದರಿಸುತ್ತಾರೆ. ಸಿಡಿಸುವುದು ಗಾಳಿಯಲ್ಲ, ನೀರು. ದಪ್ಪ ಗೋಡೆಯ ಒಳಗೆ ಉಳಿದ ತೇವ ನೂರು ಡಿಗ್ರಿ ದಾಟಿದಾಗ ಆವಿಯಾಗಿ ಹಿಗ್ಗುತ್ತದೆ. ಹೊರಹೋಗಲು ಸಂದಿಲ್ಲದಿದ್ದರೆ ಗೋಡೆಯನ್ನು ಒಡೆದು ಹೋಗುತ್ತದೆ. ಪೂರ್ತಿ ಒಣಗಿದ ಪಾತ್ರೆಯಲ್ಲಿ ಗುಳ್ಳೆಯಿದ್ದರೂ ಚಿಂತೆಯಿಲ್ಲ. ಒಣಗಿತೋ ಇಲ್ಲವೋ ತಿಳಿಯಲು ಅಜ್ಜ ಪಾತ್ರೆಯನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದರು. ತಣ್ಣಗೆನಿಸಿದರೆ ಇನ್ನೂ ನೀರಿದೆ ಎಂದರ್ಥ.

ವಿದ್ಯುತ್ ಕುಲುಮೆಯನ್ನು ನಾವು ದ್ವೇಷಿಸುವವರಲ್ಲ. ಫ್ಲಾಟಿನಲ್ಲಿರುವವರಿಗೆ ಅದು ಒಳ್ಳೆಯದೇ. ಆದರೆ ಒಂದು ನೆಚ್ಚಬಹುದಾದ ಕುಲುಮೆ ಲಕ್ಷ ರೂಪಾಯಿ ದಾಟುತ್ತದೆ, ಮೇಲೆ ಅದರ ತಂತಿಸುರುಳಿಗಳು ಕಾಲಕಾಲಕ್ಕೆ ಸವೆದು ಬದಲಿಸಬೇಕಾಗುತ್ತದೆ. ನಮಗೆ ಬೇಕಾದದ್ದು ಕೆಂಪು ಮಣ್ಣಿನ ಸಾದಾ ಪಾತ್ರೆ. ಅದಕ್ಕೆ ಎಂಟುನೂರರಿಂದ ಒಂಬೈನೂರೈವತ್ತು ಡಿಗ್ರಿ ಸಾಕು. ಪಿಂಗಾಣಿ, ಕಲ್ಲುಪಾತ್ರೆಗಳಿಗೆ ಬೇಕಾಗುವ ಸಾವಿರದ ಇನ್ನೂರು, ಮುನ್ನೂರು ಡಿಗ್ರಿಯ ಗೊಡವೆ ನಮಗಿಲ್ಲ. ಇಷ್ಟು ಶಾಖಕ್ಕೆ ವಿಶೇಷ ಬೆಂಕಿ ಇಟ್ಟಿಗೆಯೂ ಬೇಡ, ಮನೆ ಕಟ್ಟುವ ಕೆಂಪು ಇಟ್ಟಿಗೆಯೇ ನಡೆಯುತ್ತದೆ. ಸುಮಾರು ಆರುನೂರು ಇಟ್ಟಿಗೆ ಹಿಡಿಯಿತು. ಒಳಗೆ ಎರಡಡಿ ಚೌಕ, ಮೂರಡಿ ಎತ್ತರದ ಕೋಣೆ. ಒಂಬತ್ತಂಗುಲ ದಪ್ಪದ ಗೋಡೆ. ಕೆಳಗೆ ಒಲೆ, ಎದುರುಬದುರಾಗಿ ಎರಡು ಬಾಯಿ. ಒಲೆಯೊಳಗೆ ನೆಲದಿಂದ ಗೇಣುದ್ದ ಮೇಲೆ ಕಬ್ಬಿಣದ ಸರಳುಗಳ ಜಾಲರಿ, ಸೌದೆಯ ಅಡಿಯಿಂದ ಗಾಳಿ ಬರಲೆಂದು. ಒಲೆಯ ಮೇಲೆ ಸಂದು ಬಿಟ್ಟು ಜೋಡಿಸಿದ ಇಟ್ಟಿಗೆಗಳೇ ಪಾತ್ರೆಗಳಿಗೆ ನೆಲ. ಇಷ್ಟೇ ಯಂತ್ರ.

ಕಟ್ಟುವಾಗ ಒಂದು ಜಗಳವಾಯಿತು. ಕರೆಸಿದ ಗೌಂಡಿ ಸಿಮೆಂಟಿಲ್ಲದೆ ಗೋಡೆ ನಿಲ್ಲುವುದಿಲ್ಲವೆಂದು ಹಟ ಹಿಡಿದ. ಅಜ್ಜ, "ಸಿಮೆಂಟ್ ಹಾಕಿದ್ರ ನಿಲ್ಲೂದಿಲ್ಲಪ್ಪಾ" ಎಂದರು. ಅಜ್ಜನ ಮಾತಿಗೆ ರಸಾಯನಶಾಸ್ತ್ರದ ಬೆಂಬಲವಿದೆ. ಸಿಮೆಂಟು ಗಟ್ಟಿಯಾಗುವುದು ನೀರನ್ನು ತನ್ನೊಳಗೆ ಕಟ್ಟಿಕೊಂಡು. ಕೆಲವು ನೂರು ಡಿಗ್ರಿ ಶಾಖದಲ್ಲಿ ಆ ನೀರು ಬಿಟ್ಟುಹೋಗಿ ಅದು ಪುಡಿಪುಡಿಯಾಗುತ್ತದೆ. ಮಣ್ಣು, ಮರಳು ಕಲಸಿದ ಗಾರೆಯಾದರೋ ಉರಿ ತಾಗಿದಷ್ಟೂ ಬಿಗಿಯುತ್ತದೆ, ಗೋಡೆ ಹಿಗ್ಗಿ ಕುಗ್ಗುವಾಗ ಒಂದಿಷ್ಟು ಬಿರುಕಿ ಜಾಗವನ್ನೂ ಕೊಡುತ್ತದೆ. ಹೊರಮೈಗೆ ಹುಲ್ಲು, ಸಗಣಿ ಸೇರಿಸಿದ ಮಣ್ಣು ಮೆತ್ತಿದೆವು. ಮೊದಲ ಮೂರು ಸಂಜೆ ಬರಿಯ ಆವಿಗೆಗೇ ಸಣ್ಣ ಉರಿ, ಆವಿಗೆಯೂ ಹಸಿಯಾಗಿರುತ್ತದಲ್ಲ. ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು, ಮಣ್ಣು ಒರೆಸಿ ಮುಚ್ಚಿದೆವು.

ಮೊದಲ ಸುಡುವಿಕೆಯ ದಿನವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ವಾದವೆಲ್ಲ ಇರುವುದು ಅಲ್ಲಿಯೇ. ದಪ್ಪನೆಯವು, ದೊಡ್ಡವು ಕೆಳಗೆ. ಹಣತೆ, ಬಟ್ಟಲು, ಮಕ್ಕಳ ಆನೆ ಕುದುರೆಗಳು ಮೇಲೆ. ಗಾಜಿನ ಲೇಪವಿಲ್ಲದ್ದರಿಂದ ಒಂದಕ್ಕೊಂದು ತಾಗಿದರೂ ಅಂಟುವುದಿಲ್ಲ; ಉರಿ ನುಸುಳಲು ದಾರಿಯಿದ್ದರೆ ಸರಿ. ಮೇಲೆ ಬೋಕಿಗಳನ್ನು ಹೊದಿಸಿ, ಮಣ್ಣು ಮೆತ್ತಿ, ಹೊಗೆಗೆ ಕಂಡಿಗಳನ್ನು ಬಿಟ್ಟೆವು. ಬೆಳಿಗ್ಗೆ ಆರಕ್ಕೆ ಒಲೆಯ ಬಾಯಲ್ಲಿ ಮಾತ್ರ ಒಂದು ಹಿಡಿ ಪುಳ್ಳೆಯ ಉರಿ. ನಾಲ್ಕು ಗಂಟೆ ಕಾಲ ಅಷ್ಟೇ. ಬ್ಯಾಂಕಿನವರಿಗೆ ತಾಳ್ಮೆ ತಪ್ಪುತ್ತಿತ್ತು. ಅಜ್ಜ ಮೇಲಿನ ಕಂಡಿಗೆ ಆಗಾಗ ಒಂದು ಸ್ಟೀಲ್ ತಟ್ಟೆ ಹಿಡಿದು ನೋಡುವರು. ತಟ್ಟೆಯ ಮೇಲೆ ಮಂಜು ಕಟ್ಟಿದರೆ, "ಇನ್ನೂ ನೀರ್ ಬಿಡಾಕ್ಹತ್ತೈತ್ರಿ ಸಾಹೇಬ್ರ, ಅವಸರ ಮಾಡಬ್ಯಾಡ್ರಿ" ಎನ್ನುವರು. ತಟ್ಟೆ ಒಣಗಿ ನಿಂತ ಮೇಲೆ ಸೌದೆ ಒಳಗೆ ಸರಿಯಿತು.

ಮಣ್ಣಿನಲ್ಲಿ ಎರಡು ಬಗೆಯ ನೀರಿದೆಯೆಂಬುದು ನಮ್ಮ ವಿಜ್ಞಾನದ ಪದವೀಧರರಿಗೂ ಆ ದಿನವೇ ಅನುಭವಕ್ಕೆ ಬಂದದ್ದು. ನಾವು ಕಲಸಿದ ನೀರು ನೂರರ ಆಸುಪಾಸಿನಲ್ಲಿ ಹೋಗುತ್ತದೆ. ಮಣ್ಣಿನ ಕಣದೊಳಗೇ ಬೆಸೆದುಕೊಂಡ ನೀರು ಹೋಗುವುದು ನಾನೂರೈವತ್ತರಿಂದ ಆರುನೂರು ಡಿಗ್ರಿಯೊಳಗೆ. ಅದು ಹೋದ ಮೇಲೆ ಆ ಮಣ್ಣು ಮತ್ತೆಂದೂ ನೀರಿನಲ್ಲಿ ಕರಗದು. 573 ಡಿಗ್ರಿಯಲ್ಲಿ ಮರಳಿನ ಕಣಗಳು ತಟ್ಟನೆ ಹಿಗ್ಗುತ್ತವೆ, ಆರುವಾಗ ಅದೇ ಹಂತದಲ್ಲಿ ತಟ್ಟನೆ ಕುಗ್ಗುತ್ತವೆ. ಆಗ ಶಾಖ ಜಿಗಿದರೆ ಬಿರುಕು ಖಂಡಿತ. ಅಜ್ಜನಿಗೆ ಈ ಅಂಕಿಗಳು ಗೊತ್ತಿಲ್ಲ. ಆದರೆ ಕಂಡಿಯೊಳಗೆ ಕಗ್ಗೆಂಪು ಮೂಡುವ ಹೊತ್ತಿಗೆ ಅವರು ಮಾತು ನಿಲ್ಲಿಸಿ, ಸೌದೆಯನ್ನು ಎಣಿಸಿ ಎಣಿಸಿ ಹಾಕಿದರು. ಅದಾದ ಮೇಲೆ ಧಾರಾಳ: ತೆಳುವಾಗಿ ಸೀಳಿದ ಒಣಸೌದೆ, ಉದ್ದ ನಾಲಗೆಯ ಉರಿ. ಸಂಜೆ ಆರರ ಸುಮಾರಿಗೆ ಕಂಡಿಯೊಳಗಿನ ಬಣ್ಣ ದಾಸವಾಳದ ಕೆಂಪು ದಾಟಿ ಕಿತ್ತಳೆಗೆ ತಿರುಗಿತು. ವೆಜ್‌ವುಡ್ ಎಂಬ ಇಂಗ್ಲಿಷ್ ಕುಂಬಾರ 1782ರಲ್ಲಿ ಮಣ್ಣಿನ ತುಂಡು ಎಷ್ಟು ಕುಗ್ಗಿತೆಂದು ಅಳೆದು ಶಾಖ ಕಂಡುಹಿಡಿಯುವ ಉಪಾಯ ಹೂಡಿದ. ಸೀಗರ್ ಎಂಬ ಜರ್ಮನ್ 1886ರಲ್ಲಿ ನಿಗದಿತ ಶಾಖಕ್ಕೆ ಬಾಗುವ ಶಂಕುಗಳನ್ನು ಮಾಡಿದ. ಅಜ್ಜ ಮೊದಲೇ ಒಳಗಿಟ್ಟಿದ್ದ ಮಣ್ಣಿನ ಬಳೆಯೊಂದನ್ನು ಕೊಕ್ಕೆಯಿಂದ ಎಳೆದು, ಆರಿದ ಮೇಲೆ ಉಗುರಿನಿಂದ ತಟ್ಟಿದರು. ಟಣ್ ಎಂದಿತು. "ಮುಚ್ರಿ" ಎಂದರು. ಒಲೆಬಾಯಿಗಳನ್ನು ಇಟ್ಟಿಗೆ ಮಣ್ಣಿನಿಂದ ಮುಚ್ಚಿದೆವು.

ತೆರೆದದ್ದು ಮೂರನೆಯ ದಿನ ಬೆಳಿಗ್ಗೆ. ಮೂವತ್ತಾರು ಪಾತ್ರೆಗಳಲ್ಲಿ ಏಳು ಒಡೆದಿದ್ದವು. ಈ ಏಳರ ಸುದ್ದಿ ನಮಗಿಂತ ಮೊದಲು ಸಂಘದ ಕಚೇರಿ ತಲುಪಿತ್ತು! "ಹದಿನೈದು ಸಾವಿರಕ್ಕೆ ಏಳು ಚೂರು" ಎಂಬ ಹಾಸ್ಯ ಈಗಲೂ ನಡೆದಿದೆ. ಇಪ್ಪತ್ತೊಂಬತ್ತು ಉಳಿದವೆಂಬುದನ್ನು ಯಾರೂ ಹೇಳುವುದಿಲ್ಲ. ಹೊಸ ಆವಿಗೆಯ ಮೊದಲ ಉರಿಯಲ್ಲಿ ಯಾವ ಮೂಲೆ ಬೇಗ ಕಾಯುತ್ತದೆ, ಯಾವ ಮೂಲೆ ಹಿಂದೆ ಬೀಳುತ್ತದೆ ಎಂಬುದು ಕಟ್ಟಿದವನಿಗೂ ಸುಟ್ಟು ನೋಡಿಯೇ ತಿಳಿಯಬೇಕು. ಅಜ್ಜ ಆ ಏಳರ ಚೂರುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ನಡುವೆ ಕಪ್ಪಾಗಿ ಉಳಿದವು ಯಾವ ಮೂಲೆಯವು ಎಂದು ಸೀಮೆಸುಣ್ಣದಿಂದ ಗೋಡೆಯ ಮೇಲೆ ಗುರುತು ಹಾಕಿದರು. ಆ ಚೂರುಗಳೇ ಮುಂದಿನ ಬಾರಿಯ ಹೊದಿಕೆ. ಉಳಿದವುಗಳಲ್ಲಿ ಒಂದು ಹೂಜಿ ನಮ್ಮ ಸಂಘದ ಗ್ರಂಥಾಲಯದಲ್ಲಿದೆ, ನೀರು ತಣ್ಣಗಿದೆ. ಹಾಸ್ಯ ಮಾಡುವವರೂ ಅದರಿಂದಲೇ ಕುಡಿಯುತ್ತಿದ್ದಾರೆ.

ಮೂರನೆಯ ಆಕ್ಷೇಪ ಹೊಗೆಯದು. ಇದನ್ನು ನಾವು ನಗುವಿನಲ್ಲಿ ತೇಲಿಸಲು ಸಿದ್ಧರಿಲ್ಲ. ಹೊಗೆ ಪುಪ್ಪುಸಕ್ಕೆ ಕೆಟ್ಟದ್ದೇ. ಧಾರಾವಿಯ ಕುಂಬಾರವಾಡೆಯಲ್ಲಿ ಒಮ್ಮೆ ಮಧ್ಯಾಹ್ನ ನಿಂತು ಬಂದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಸೌರಾಷ್ಟ್ರದಿಂದ ಬಂದ ಆ ಕುಂಬಾರರು 1930ರ ದಶಕದಿಂದ ಅಲ್ಲಿದ್ದಾರೆ. ಮನೆಬಾಗಿಲಿಗೆ ತಾಗಿದ ಭಟ್ಟಿಗಳು, ಬಟ್ಟೆಯ ಚಿಂದಿಯೇ ಉರುವಲು, ತೊಟ್ಟಿಲ ಪಕ್ಕದಲ್ಲೇ ಹೊಗೆ. ಆ ಹೊಗೆಯನ್ನು ಮೊದಲು ಕುಡಿಯುವವರು ಅವರ ಹೆಂಗಸರು, ಮಕ್ಕಳು; ಆಮೇಲೆ ನೆರೆಯವರು. ನಮ್ಮ ಮನೆಯ ತುಳಸಿಕಟ್ಟೆಯ ಕುಂಡ, ದೀಪಾವಳಿಯ ಹಣತೆ, ನವರಾತ್ರಿಯ ಗಡಿಗೆ ಎಲ್ಲ ಅದೇ ಹೊಗೆಯಲ್ಲಿ ಬೆಂದು ಬಂದವು. ಹತ್ತು ರೂಪಾಯಿಯ ಹಣತೆಗೆ ಎಂಟು ರೂಪಾಯಿ ಕೊಡುತ್ತೇನೆಂದು ಚೌಕಾಸಿ ಮಾಡಿ ತಂದವರು, ಬದಲಾಪುರದಲ್ಲಿ ತಿಂಗಳಿಗೊಮ್ಮೆ ಉರಿಯುವ ಒಂದು ಪುಟ್ಟ ಆವಿಗೆಯ ಹೊಗೆಗೆ ಮೂಗು ಮುಚ್ಚಿಕೊಂಡರೆ ನಾವು ಏನೆನ್ನಬೇಕು? ಹೊಗೆ ಕಣ್ಣಿಗೆ ಬೀಳದ ಜಾಗದಲ್ಲಿದ್ದರೆ ಅಭ್ಯಂತರವಿಲ್ಲ, ಅಷ್ಟೇ ತಾನೇ?

ಹೊಗೆಯೆಂದರೆ ಪೂರ್ತಿ ಉರಿಯದ ಸೌದೆ. ಗಾಳಿ, ಶಾಖ, ಉರಿಯಲು ಒಂದಿಷ್ಟು ಎಡೆ, ಈ ಮೂರೂ ಸಿಕ್ಕರೆ ಹೊಗೆ ತಾನೇ ಉರಿದುಹೋಗುತ್ತದೆ. ನಮ್ಮ ಆವಿಗೆಯಲ್ಲಿ ಮೊದಲ ಎರಡು ಗಂಟೆ ಬಿಳಿಹೊಗೆ ಬಂತು, ಅದರಲ್ಲಿ ಬಹುಪಾಲು ನೀರಾವಿ. ಒಳಗೆ ಕೆಂಪು ಮೂಡಿದ ಮೇಲೆ ಸೌದೆ ಹಾಕಿದಾಗಲೆಲ್ಲ ಒಂದೆರಡು ನಿಮಿಷ ಕಪ್ಪು, ಮತ್ತೆ ತಿಳಿ. ಅದು ಜಾಲರಿಯ ಫಲ, ಒಣಸೌದೆಯ ಫಲ. ಸುಟ್ಟದ್ದು ಸಾಮಿಲ್ಲಿನ ಚೂರು ಮತ್ತು ಬಣ್ಣ ಹಚ್ಚದ ಪ್ಯಾಕಿಂಗ್ ಪೆಟ್ಟಿಗೆಗಳು, ಸುಮಾರು ಎರಡು ಕ್ವಿಂಟಲ್. ಒಂದು ಮರವನ್ನೂ ಕಡಿಯಲಿಲ್ಲ. ಉರಿಯನ್ನು ಮೇಲೆ ಹತ್ತಿಸಿ, ಕಮಾನಿನಿಂದ ಕೆಳಕ್ಕೆ ಬಗ್ಗಿಸಿ, ಪಾತ್ರೆಗಳ ನಡುವೆ ಇಳಿಸಿ, ನೆಲಮಟ್ಟದಿಂದ ಎತ್ತರದ ಚಿಮಣಿಗೆ ಒಯ್ಯುವ ಇಳಿಗಾಳಿಯ ಆವಿಗೆಯನ್ನು ಕಟ್ಟಿದರೆ ಶಾಖವೂ ಸಮನಾಗಿ ಹಂಚುತ್ತದೆ, ಹೊಗೆಯೂ ಇನ್ನಷ್ಟು ಕಡಿಮೆಯಾಗುತ್ತದೆ. ಇದೇನೂ ಹೊಸ ವಿದ್ಯೆಯಲ್ಲ. ಹಾಗಾದರೆ ಕುಂಬಾರವಾಡೆಯಲ್ಲಿ ಅದೇಕೆ ಇಲ್ಲ? ಚಿಮಣಿ ಕಟ್ಟಲು ನೆಲ ಬೇಕು, ಹಣ ಬೇಕು, ನಾಳೆಯೂ ಇಲ್ಲಿರುತ್ತೇವೆಂಬ ನಂಬಿಕೆ ಬೇಕು. 2004ರಲ್ಲಿ ಧಾರಾವಿಯ ಪುನರಭಿವೃದ್ಧಿ ಯೋಜನೆಗೆ ಸರ್ಕಾರ ಒಪ್ಪಿಗೆ ಕೊಟ್ಟಂದಿನಿಂದ ಅಲ್ಲಿಯವರಿಗೆ ಆ ಮೂರನೆಯದು ಇಲ್ಲ. ನಾಳೆ ಕೆಡವಲಿರುವ ಜಾಗದಲ್ಲಿ ಯಾರು ಚಿಮಣಿ ಎಬ್ಬಿಸುತ್ತಾರೆ?

ಸರ್ಕಾರಗಳಿಗೂ ತಿಗರಿ ಕಂಡಷ್ಟು ಸುಲಭವಾಗಿ ಆವಿಗೆ ಕಾಣುವುದಿಲ್ಲ. 2004ರಲ್ಲಿ ರೈಲು ನಿಲ್ದಾಣಗಳಲ್ಲಿ ಮಣ್ಣಿನ ಲೋಟದ ಚಹಾ ಎಂದು ಘೋಷಣೆಯಾಯಿತು. ಲೋಟವನ್ನು ಎಲ್ಲಿ, ಯಾವ ಉರಿಯಲ್ಲಿ ಸುಡಬೇಕೆಂಬ ಮಾತು ಘೋಷಣೆಯ ಸದ್ದಿನಲ್ಲಿ ಮುಳುಗಿತು. 2018ರಿಂದ ಖಾದಿ ಗ್ರಾಮೋದ್ಯೋಗ ಆಯೋಗ ಕುಂಬಾರರಿಗೆ ವಿದ್ಯುತ್ ತಿಗರಿಗಳನ್ನು ಹಂಚತೊಡಗಿತು. ಒಳ್ಳೆಯ ಕೆಲಸ, ಬೆನ್ನುನೋವು ತಪ್ಪಿತು. ತಿಗರಿ ವೇಗವಾದರೆ ಹಸಿ ಮಡಕೆಗಳ ರಾಶಿ ದೊಡ್ಡದಾಗುತ್ತದೆ. ಹಳೆಯ ಆವಿಗೆ ಹಾಗೇ ಉಳಿದರೆ ಆ ರಾಶಿಯನ್ನು ಎಲ್ಲಿಡುವುದು? ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಇದೇ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ, ಮಣ್ಣಿಗೆ ಹೆಸರಾದ ಊರು. ನಮ್ಮ ಸಂಘ ಪ್ರತಿ ವರ್ಷ ಕರ್ನಾಟಕ ಪ್ರವಾಸ ಏರ್ಪಡಿಸುತ್ತದೆ, ಅದೇ ಹಾದಿಯಲ್ಲಿ ಬಸ್ಸು ಹೋಗುತ್ತದೆ. ಒಮ್ಮೆಯಾದರೂ ಅಲ್ಲಿ ನಿಲ್ಲಿಸಿದ್ದೇವೆಯೇ? ಕುಂದಾ ಕೊಳ್ಳಲು ಬೆಳಗಾವಿಯಲ್ಲಿ ಒಂದೂವರೆ ಗಂಟೆ ನಿಲ್ಲಿಸಿದ್ದೇವೆ.

ಆವಿಗೆಯನ್ನು ಮುಂದುವರಿಸಬೇಕೇ ಎಂಬ ವಿಷಯ ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ಬರಲಿದೆ. ಹಣ ಕೊಡಲು ಸಮಿತಿ ಒಪ್ಪದಿದ್ದರೆ ನಮ್ಮ ಕೈಯಿಂದ ಹಾಕುತ್ತೇವೆ. ಇಟ್ಟಿಗೆಗಳಂತೂ ಈಗ ಮತ್ತಷ್ಟು ಗಟ್ಟಿಯಾಗಿವೆ. ಆದರೆ ಎರಡು ಬೇಡಿಕೆಗಳನ್ನು ಬಿಡುವುದಿಲ್ಲ. ಒಂದು, ಸದಸ್ಯರ ಕೈಪಿಡಿಯ ಹೊಸ ಮುದ್ರಣದಲ್ಲಿ ಅಜ್ಜನ ಹೆಸರಿನ ಮುಂದೆ 'ಕುಂಬಾರರು' ಎಂದು ಅಚ್ಚಾಗಬೇಕು. ಇದಕ್ಕೆ ಅವರೂ ಅವರ ಮಗನೂ ಒಪ್ಪಿದ್ದಾರೆ. ಎರಡು, ಈ ಸಲದ ರಾಜ್ಯೋತ್ಸವದ ನೆನಪಿನ ಕಾಣಿಕೆಗಳನ್ನು ಪ್ಲಾಸ್ಟಿಕ್ ಅಂಗಡಿಯಿಂದ ತರದೆ ಕುಂಬಾರವಾಡೆಯಿಂದ, ಕೇಳಿದ ಬೆಲೆಗೇ ತರಬೇಕು.

ಎರಡನೆಯ ಆವಿಗೆಯನ್ನು ಮುಂದಿನ ತಿಂಗಳ ಎರಡನೆಯ ಭಾನುವಾರ ಹೂಡುತ್ತೇವೆ. ಪಾತ್ರೆ, ಬೊಂಬೆ ಮಾಡಿದವರು ಹತ್ತು ದಿನ ಮೊದಲೇ ಸಂಘದ ಕಚೇರಿಗೆ ತಲುಪಿಸಬೇಕು. ಗೋಡೆ ಹೆಬ್ಬೆರಳಿನ ದಪ್ಪ ಮೀರಬಾರದು, ಬಣ್ಣ ಬಳಿದಿರಬಾರದು. ಬೆಳಿಗ್ಗೆ ಐದೂಮುಕ್ಕಾಲಿಗೆ ಅಲ್ಲಿರುವವರು ದಾದರಿನಿಂದ ಮೊದಲ ಲೋಕಲ್ ಹಿಡಿಯಬೇಕಾಗುತ್ತದೆ. ಮಹಾಸಭೆಯಲ್ಲಿ ಪ್ರಶ್ನೆ ಕೇಳಿದ ಹಿರಿಯರಿಗೆ ನೆರಳಿನಲ್ಲಿ ಕುರ್ಚಿ ಹಾಕಿಸುತ್ತೇವೆ, ಹೂಜಿಯ ನೀರೂ ಇರುತ್ತದೆ.